ಕೀಲಿಯಣ್ಣನ ಕೊನೆಯ ಬೀಗ

ಸಾಯುವ ಹಿಂದಿನ ದಿನ ಅವನು ಮೂರು ಕಾರಿನ ಬೀಗ ಸರಿಮಾಡಿ, ಇನ್ನೂ ಬೆಳಕಿರುವಾಗಲೇ ಮನೆಗೆ ಬಂದ. ವ್ಯಾನು ನಿಲ್ಲಿಸಿದ, ಕೈ ತೊಳೆದ, ಅಡುಗೆಮನೆಯ ಮೇಜಿನ ಮೇಲೆ ಒಂದು ಹಿಡಿ ಹಿತ್ತಾಳೆ ತಗಡು ಸುರಿದ. ಹೆಂಡತಿ ತರಕಾರಿ ಸಿಪ್ಪೆಯನ್ನು ಮೊಣಕೈಯಿಂದ ಅತ್ತ ಸರಿಸಿ ಅವನ್ನು ಬೇರೆ ಮಾಡಲು ಕೂತಳು.

ಊರಿಗೆಲ್ಲ ಅವನು ಕೀಲಿಯಣ್ಣ. ಕಾರು ಶುರು ಮಾಡಲು ಕೀಲಿ ತೂರಿಸಿ ತಿರುಗಿಸುವ ಬೀಗ ಇದೆಯಲ್ಲ, ಅದೇ ಅವನ ಕಸುಬು. ಹತ್ತು ಹನ್ನೆರಡು ವರ್ಷ ತಿರುಗಿಸಿದ ಮೇಲೆ ಅದು ಸವೆಯುತ್ತದೆ. ಕೀಲಿ ತಿರುಗುವುದಿಲ್ಲ, ಇಲ್ಲವೇ ಒಳಗೇ ಕಚ್ಚಿಕೊಂಡು ಹೊರಗೆ ಬರುವುದಿಲ್ಲ. ಕಾರು ನಿಂತಲ್ಲಿಂದ ಅಲ್ಲಾಡುವುದಿಲ್ಲ. ಆಗ ಇವನ ವ್ಯಾನು ಅಲ್ಲಿಗೇ ಹೋಗುತ್ತದೆ.

ಬೀಗದ ಹೊಟ್ಟೆಯಲ್ಲಿ ಹೆಬ್ಬೆರಳಿನಷ್ಟು ಉದ್ದದ ಒಂದು ಉರುಳೆ. ಉರುಳೆಯಲ್ಲಿ ಉಗುರಿಗಿಂತ ಚಿಕ್ಕ ಎಂಟು ತಗಡು, ಒಂದು ಮೇಲಿನಿಂದ, ಒಂದು ಕೆಳಗಿನಿಂದ. ಪ್ರತಿ ತಗಡಿಗೂ ಕೂದಲೆಳೆಯಂಥ ಒಂದು ಸ್ಪ್ರಿಂಗು. ತಗಡಿನ ಮೇಲೆ ಒಂದರಿಂದ ನಾಲ್ಕರವರೆಗೆ ಯಾವುದಾದರೂ ಒಂದು ಅಂಕಿ ಒತ್ತಿರುತ್ತದೆ. ಅವು ಸರಿಯಾದ ಸಾಲಿನಲ್ಲಿ ಕೂತರೆ ಕೀಲಿ ತಿರುಗುತ್ತದೆ, ಒಂದು ತಪ್ಪಿದರೂ ಇಲ್ಲ. ಬೇರೆಯವರು ಸವೆದ ತಗಡನ್ನು ಅರದಿಂದ ಉಜ್ಜಿ, ಹೇಗೋ ತಿರುಗುವ ಹಾಗೆ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ಅಂಥ ಬೀಗವನ್ನು ಆಮೇಲೆ ಚಮಚದ ಹಿಡಿ ತೂರಿಸಿ ತಿರುಗಿಸಬಹುದು. ಇವನು ಉಜ್ಜುತ್ತಿರಲಿಲ್ಲ. ಎಂಟೂ ಕಿತ್ತು, ಎಂಟೂ ಹೊಸದು ಹಾಕುತ್ತಿದ್ದ.

ಹೆಂಡತಿ ಕಲಿತದ್ದು ಮೂರನೆಯ ಕ್ಲಾಸಿನವರೆಗೆ. ನಾಲ್ಕರವರೆಗೆ ಎಣಿಸಲು ಬಂದರೆ ಈ ಕೆಲಸಕ್ಕೆ ಸಾಕು. ತಗಡುಗಳನ್ನು ಬೆಳಕಿಗೆ ಹಿಡಿದು ಒಂದನ್ನು ಒಂದರ ಡಬ್ಬಿಗೆ, ಎರಡನ್ನು ಎರಡರ ಡಬ್ಬಿಗೆ ಹಾಕುತ್ತಿದ್ದಳು. ಇಪ್ಪತ್ತೆರಡು ವರ್ಷ ಹಾಕಿದ್ದಳು. ಅವನ ಕಣ್ಣು ಮಂಜಾದ ಮೇಲೆ ಮನೆಗೆ ತಂದ ಎಷ್ಟೋ ಉರುಳೆಗಳನ್ನು ಮೇಜಿನ ಮೇಲೆ ಅವಳೇ ಜೋಡಿಸಿದ್ದೂ ಉಂಟು.

"ಭುಜ ಹಿಡ್ಕೊಂಡಿದೆ ಕಣೇ. ಸ್ವಲ್ಪ ಒತ್ತು," ಎಂದ ಅವನು.

"ಮಲಗಿ ದುಡಿಯೋರಿಗೂ ಭುಜ ನೋಯುತ್ತಾ?"

ಅವನು ನಿಜವಾಗಿಯೂ ಮಲಗಿಯೇ ದುಡಿಯುತ್ತಿದ್ದ. ಸ್ಟಿಯರಿಂಗಿನ ಕೆಳಗೆ ತಲೆ, ಸೀಟಿನ ಮೇಲೆ ಬೆನ್ನು, ತೆರೆದ ಬಾಗಿಲಿನ ಹೊರಗೆ ಎರಡು ಕಾಲು. ಒಂದು ಸಲ ಸ್ಪ್ರಿಂಗು ರಸ್ತೆಗೆ ಹಾರಿ, ಅರ್ಧ ದಿನ ಹುಡುಕಿ ಮಾನ ಹೋಗಿತ್ತು. ಆಮೇಲೆ ಹೋದ ಕಡೆ ಉರುಳೆಯನ್ನು ಕಾರಿನ ಹೊರಗೆ ತಂದು ಜೋಡಿಸುವುದನ್ನೇ ಬಿಟ್ಟ. ಎದೆಯ ಮೇಲೆ ಒದ್ದೆ ಟವೆಲ್ಲು ಹಾಸಿಕೊಂಡು, ಮಲಗಿದಲ್ಲೇ, ಎದೆಯನ್ನೇ ಮೇಜು ಮಾಡಿಕೊಂಡು ಜೋಡಿಸುತ್ತಿದ್ದ. ಎದೆ ಅಲ್ಲಾಡಬಾರದೆಂದು ಉಸಿರನ್ನೂ ಮೆಲ್ಲಗೆ ಬಿಡುತ್ತಿದ್ದ. ಫೋನು ಹೊಡೆದರೆ ಬೆಚ್ಚಿಬೀಳುತ್ತೇನೆಂದು ಅದನ್ನು ವ್ಯಾನಿನಲ್ಲೇ ಬಿಟ್ಟಿರುತ್ತಿದ್ದ. ಅತ್ತಿತ್ತ ಹೋಗುವವರಿಗೆ ಒಂದು ಗಂಟೆ ಹೊತ್ತು ಅಲ್ಲಾಡದ ಎರಡು ಕಾಲು ಕಾಣುತ್ತಿದ್ದವು, ಅಷ್ಟೇ.

"ನಿನ್ನ ನಾಲಿಗೆಗೊಂದು ಬೀಗ ಹಾಕ್ಬೇಕು. ನನ್ನ ಕೈಲೂ ತೆಗೆಯೋಕಾಗಬಾರದು, ಅಂಥದ್ದು."

"ಹಾಕಿ. ಆಮೇಲೆ ಊಟಕ್ಕೆ ಯಾರು ಕರೀತಾರೆ ನೋಡೋಣ."

ಅವನ ಅಮ್ಮ ಹೊರಗಿನ ಕೋಣೆಯ ಮಂಚದಿಂದಲೇ ಬಾಯಿ ಹಾಕಿದಳು. "ಅವನು ಹುಟ್ಟಿದಾಗಿಂದ ಮಲಗೋದೇ ಕಣೇ. ನಡೆಯೋಕೆ ಕಲಿತಿದ್ದೇ ಎರಡು ವರ್ಷಕ್ಕೆ."

ಮೂವರೂ ನಕ್ಕರು. ಹೆಂಡತಿ ಭುಜ ಒತ್ತಲಿಲ್ಲ. ಕೈಯಲ್ಲಿ ತಗಡಿತ್ತು, ಒಲೆಯ ಮೇಲೆ ಸಾರಿತ್ತು. ನಾಳೆ ಒತ್ತಿದರಾಯಿತು ಎಂದುಕೊಂಡಳು. ನೋವಿದ್ದದ್ದು ಎಡಭುಜಕ್ಕೆ.

ಮಾರನೆಯ ದಿನ ಮಧ್ಯಾಹ್ನ ಎರಡೂವರೆಗೆ ಫೋನು ಬಂತು. ಕೆಂಪು ಕಾರಿನ ಸಾಹೇಬರು. ಅವರ ಆಫೀಸಿನ ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ಬೀಗ ಮಾಡಲೆಂದೇ ಅವನು ಬೆಳಿಗ್ಗೆ ಹೋಗಿದ್ದ.

"ಕೀಲಿಯವನ ಮನೆಯವರಾ? ನೋಡಿಮ್ಮ, ನಿಮ್ಮ ಯಜಮಾನ್ರು ನನ್ನ ಕಾರಲ್ಲಿ ಸತ್ತುಬಿಟ್ಟಿದ್ದಾರೆ. ಬೇಗ ಬನ್ನಿ. ನಂಗೆ ಮೂರಕ್ಕೆ ಹೊರಡಬೇಕು."

ಅವಳು ಹೋಗುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿ ಆಗಿತ್ತು. ಹೃದಯ, ಎಂದರು ಡಾಕ್ಟರು. ಎಷ್ಟು ಹೊತ್ತಿಗೆ ಎಂದು ಕೇಳಿದಳು. ಹನ್ನೊಂದೂವರೆ ಇರಬಹುದು, ಹನ್ನೆರಡೂವರೆಯೂ ಇರಬಹುದು, ಯಾರೂ ನೋಡಿಲ್ಲವಲ್ಲ, ಎಂದು ಕಾಗದಕ್ಕೆ ಸಹಿ ಹಾಕಿದರು. ಬಿಳಿ ಬಟ್ಟೆಯಿಂದ ಎಡಗೈ ಹೊರಗೆ ಬಂದಿತ್ತು. ಮಣಿಕಟ್ಟಿನ ಮೇಲೆ ಪೆನ್ನಿನಲ್ಲಿ ಬರೆದ ಎಂಟು ಅಂಕಿ: ಮೂರು, ಒಂದು, ನಾಲ್ಕು, ಎರಡು, ಎರಡು, ಒಂದು, ಮೂರು, ನಾಲ್ಕು. ಮಲಗಿಕೊಂಡು ಚೀಟಿ ನೋಡಲಾಗುವುದಿಲ್ಲವೆಂದು ಪ್ರತಿ ಕಾರಿನ ಸಾಲನ್ನೂ ಹೀಗೆ ಕೈಮೇಲೆ ಬರೆದುಕೊಳ್ಳುತ್ತಿದ್ದ. ಅವಳು ಅಭ್ಯಾಸಬಲದಿಂದ ಓದಿದಳು. ಓದಿದ್ದು ತಲೆಯಲ್ಲಿ ಕೂತಿತು. ಮನೆಗೆ ತಂದಮೇಲೆ ಅತ್ತೆ ಅದನ್ನು ಕೊಳೆಯೆಂದುಕೊಂಡು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಅಳಿಸಿದಳು.

ಆಸ್ಪತ್ರೆಯವರು ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಚಪ್ಪಲಿ, ಬೆಲ್ಟು, ಗಂಟು ಕಟ್ಟಿದ ಟವೆಲ್ಲು. "ಮುಷ್ಟಿಯಲ್ಲಿ ಏನೋ ಕಬ್ಬಿಣ ಹಿಡ್ಕೊಂಡಿದ್ರಮ್ಮ, ಬಿಡಿಸೋಕೆ ಇಬ್ಬರು ಬೇಕಾದ್ರು. ಎದೆ ಮೇಲಿದ್ದ ಚೂರುಪಾರೆಲ್ಲ ಅದರಲ್ಲೇ ಸುತ್ತಿದ್ದೀವಿ," ಎಂದಳು ನರ್ಸು. ಹೆಂಡತಿ ಗಂಟು ಬಿಚ್ಚಲಿಲ್ಲ.

ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಹೂವು ಎತ್ತಿದ ಹಾಗೆ ಹೋದ. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಪಕ್ಕದ ಮನೆಯಾಕೆಯಂತೂ, "ಅಂಥ ಸಾವು ನಮ್ಮನೆಯೋರಿಗೂ ಬರಲಿ," ಎಂದಳು. ಆಕೆಯ ಗಂಡ ಅಲ್ಲೇ ನಿಂತಿದ್ದ. ಅವನು ಮೆಲ್ಲಗೆ ಹೊರಗೆ ಹೋದ.

ಅತ್ತೆ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅನ್ನ ಬೇಡವೆಂದು ಎರಡು ದಿನ ತಟ್ಟೆ ನೂಕಿದವಳು, ಹೂವು ಎತ್ತಿದ ಹಾಗೆ ಎಂದು ಯಾರಾದರೂ ಹೇಳಿದರೆ ಎರಡು ತುತ್ತು ತಿನ್ನುತ್ತಿದ್ದಳು. ಹೆಂಡತಿಗೂ ಅದೇ ಬೇಕಿತ್ತು. ಆದರೆ ಅವಳಿಗೆ ಹೇಳಿಕೆ ಸಾಲದು. ನಿಜವೇ, ಸುಳ್ಳೇ, ಅದೊಂದು ಗೊತ್ತಾಗಬೇಕಿತ್ತು. ಬೇರೇನೂ ಬೇಡ.

ನಾಲ್ಕನೆಯ ದಿನ ಮತ್ತೆ ಸಾಹೇಬರ ಫೋನು.

"ನಮ್ಮ ಬೀಗ ನಿಮ್ಮ ಹತ್ರಾನೇ ಇದೆ. ನಾಲ್ಕು ದಿನದಿಂದ ಕಾರು ಅಲ್ಲೇ ಬಿದ್ದಿದೆ. ನಂದೇನು ತಪ್ಪು ಹೇಳಿ ಇದರಲ್ಲಿ?"

"ನಿಮ್ಮದೇನೂ ತಪ್ಪಿಲ್ಲ ಸಾರ್. ನಾಳೆ ತರ್ತೀನಿ."

"ಮುಖಕ್ಕೆ ಎಸೆದು ಬಾ," ಎಂದಳು ಅತ್ತೆ.

ಅವಳು ಮೇಜು ಒರೆಸಿ ಟವೆಲ್ಲಿನ ಗಂಟು ಬಿಚ್ಚಿದಳು. ಉರುಳೆ ಅವನು ಬಿಟ್ಟ ಹಾಗೇ ಇತ್ತು. ಬೆಳಕಿಗೆ ಹಿಡಿದಳು. ಮೊದಲ ತಗಡು ಮೂರು. ಸರಿ. ಎರಡನೆಯದು ಒಂದು. ಮೂರನೆಯದು ನಾಲ್ಕು. ನಾಲ್ಕನೆಯದು ಎರಡಿರಬೇಕು. ನಾಲ್ಕಿತ್ತು.

ಇಪ್ಪತ್ತೆರಡು ವರ್ಷದಲ್ಲಿ ಅವನು ಸಾಲು ತಪ್ಪಿಸಿದ್ದನ್ನು ಅವಳು ನೋಡಿರಲಿಲ್ಲ. ಬೈಯುತ್ತಾ ತಪ್ಪಿಸಿರಲಿಲ್ಲ, ಜ್ವರದಲ್ಲಿ ತಪ್ಪಿಸಿರಲಿಲ್ಲ.

ಐದನೆಯದು ಎರಡು, ಆದರೆ ಮೇಲಿನಿಂದ ಹೋಗಬೇಕಾದದ್ದು ಕೆಳಗಿನಿಂದ ಹೋಗಿತ್ತು. ಅದರ ಸ್ಪ್ರಿಂಗು ಚಪ್ಪಟೆಯಾಗಿತ್ತು. ಆರನೆಯದನ್ನು ಇಕ್ಕಳದಲ್ಲಿ ಒತ್ತಿ ತುರುಕಿದ್ದ. ಏಳು, ಎಂಟು ಖಾಲಿ. ಟವೆಲ್ಲಿನ ಮಡಿಕೆಯಲ್ಲಿ ಸೊಟ್ಟಗಾದ ತಗಡುಗಳು ಸಿಕ್ಕವು. ಒಂದು, ಎರಡು, ಮೂರು, ನಾಲ್ಕು, ಐದು. ಹಾಕಿದ್ದಾನೆ, ಕಿತ್ತಿದ್ದಾನೆ, ಮತ್ತೆ ಹಾಕಿದ್ದಾನೆ, ಮತ್ತೆ ಕಿತ್ತಿದ್ದಾನೆ. ತಪ್ಪೆಂದು ತಿಳಿಯುವಷ್ಟು ಬುದ್ಧಿ ಇತ್ತು, ಸರಿಮಾಡುವಷ್ಟು ಕೈ ಇರಲಿಲ್ಲ.

ಮುಂದಿನ ತಗಡನ್ನು ತುಟಿಯಲ್ಲಿ ಕಚ್ಚಿ ಹಿಡಿದುಕೊಳ್ಳುವುದು ಅವನ ರೂಢಿ. ಕೊನೆಯದಾಗಿ ಕೈಗೆ ಸಿಕ್ಕ ತಗಡು ನಡುವೆ ಮಡಚಿಹೋಗಿತ್ತು. ಅದರ ಮೇಲೆ ಇಕ್ಕಳದ ಗೆರೆ ಇರಲಿಲ್ಲ. ಹಲ್ಲಿನ ಗುರುತಿತ್ತು.

ಹಿತ್ತಾಳೆ ಮಡಚಬೇಕಾದರೆ ಎಷ್ಟು ಕಚ್ಚಬೇಕು? ಅವಳು ಡಬ್ಬಿಯಿಂದ ಒಂದು ತಗಡು ತೆಗೆದು ಹಲ್ಲಿನ ನಡುವೆ ಇಟ್ಟು ಕಚ್ಚಿದಳು. ಮಡಚಲಿಲ್ಲ. ಇನ್ನೂ ಕಚ್ಚಿದಳು. ದವಡೆ ಸೆಳೆಯಿತು, ಒಸಡಿನಲ್ಲಿ ರಕ್ತ ಬಂತು. ತಗಡು ಮಡಚಲಿಲ್ಲ.

ಹೊರಗಿನ ಕೋಣೆಯಿಂದ ಅತ್ತೆ ಕೇಳಿದಳು. "ಏನದು ಸದ್ದು?"

"ಬೀಗ ಅತ್ತೆ."

"ಅರ್ಧಕ್ಕೇ ಬಿಟ್ಟು ಹೋಗಿದ್ನಾ?"

"ಇಲ್ಲ. ಮುಗಿಸಿದ್ರು. ಎಂಟೂ ಸರಿಯಾಗಿದೆ."

"ಹಾಗಾದ್ರೆ ಗೊತ್ತೇ ಆಗಿಲ್ಲ ಅವನಿಗೆ. ಹೂವು ಎತ್ತಿದ ಹಾಗೆ."

"ಹೂಂ. ಹೂವು ಎತ್ತಿದ ಹಾಗೆ."

ಬಾಯಿ ತೊಳೆದುಕೊಂಡು ಬಂದು ಎಲ್ಲ ಕಿತ್ತು, ಡಬ್ಬಿಗಳಿಂದ ಹೊಸದು ತೆಗೆದು ಜೋಡಿಸಿದಳು. ಮೂರು, ಒಂದು, ನಾಲ್ಕು, ಎರಡು, ಎರಡು, ಒಂದು, ಮೂರು, ನಾಲ್ಕು. ಹತ್ತು ನಿಮಿಷವೂ ಹಿಡಿಯಲಿಲ್ಲ.

ಮಾರನೆಯ ದಿನ ನೆಲಮಾಳಿಗೆಗೆ ಹೋದಳು. ಟ್ಯೂಬ್‌ಲೈಟು, ಸಿಮೆಂಟಿನ ಕಂಬ, ಎಣ್ಣೆ ವಾಸನೆ. ಲಿಫ್ಟಿಗೆ ಹೋಗುವ ದಾರಿಯ ಪಕ್ಕದಲ್ಲೇ ಕೆಂಪು ಕಾರು. ಆಫೀಸಿನವರೆಲ್ಲ ಅದರ ಮುಂದೆಯೇ ಓಡಾಡಬೇಕು. ಅವಳು ಒಂದು ಕಾಲು ಒಳಗಿಟ್ಟು ಬಗ್ಗಿ, ಉರುಳೆಯನ್ನು ಅದರ ಜಾಗಕ್ಕೆ ತಳ್ಳಿದಳು. ಟಕ್ ಎಂದು ಕೂತಿತು. ಮಲಗಬೇಕಾಗಲಿಲ್ಲ.

ಕಾವಲುಗಾರ ಮುದುಕ ಬಂದು ನಿಂತ. ಅಳುವವನ ಹಾಗೆ ಮುಖ ಮಾಡಿಕೊಂಡಿದ್ದ. ಅವಳು ಕೇಳಿದಳು.

"ನೀವೆಲ್ಲಿದ್ರಿ ಅವತ್ತು?"

"ಇಲ್ಲೇ ಇದ್ದೆನಮ್ಮ, ಈ ಕುರ್ಚಿ ಮೇಲೆ. ಎಷ್ಟೋ ಸಲ ಇತ್ತ ಕಣ್ಣು ಹೋಯ್ತು. ಕಾಲು ಅಲ್ಲಾಡ್ತಾ ಇತ್ತು, ಅದಕ್ಕೇ ಕೆಲಸ ಮಾಡ್ತಿದ್ದಾನೆ ಅಂದ್ಕೊಂಡೆ."

"ಸದ್ದೇನೂ ಬರಲಿಲ್ವಾ?"

ಅವನು ತಲೆ ತಗ್ಗಿಸಿದ. "ಹಾರ್ನ್ ಬಂತು. ಒಂದು ಸಲ. ಆಮೇಲೆ ಉದ್ದಕ್ಕೆ ಇನ್ನೊಂದು ಸಲ."

"ನೀವೇನು ಮಾಡಿದ್ರಿ?"

"ಗಲಾಟೆ ಮಾಡಬೇಡವೋ, ಮೇಲೆ ಮೀಟಿಂಗ್ ನಡೀತಿದೆ ಅಂತ ಕೂಗಿದೆ. ಆಮೇಲೆ ಹೊಡೀಲಿಲ್ಲ. ನನ್ನ ಮಾತು ಕೇಳಿದ ಅಂದ್ಕೊಂಡೆನಮ್ಮ."

ಅಷ್ಟರಲ್ಲಿ ಸಾಹೇಬರು ಇಳಿದು ಬಂದರು. ಕೀಲಿ ಹಾಕಿ ತಿರುಗಿಸಿದರು. ಕಾರು ಶುರುವಾಯಿತು.

"ಬೆಣ್ಣೆ ಹಾಗೆ ತಿರುಗುತ್ತೆ," ಎಂದರು. "ಪಾಪ, ಒಳ್ಳೆ ಕೆಲಸಗಾರ. ಒಂದು ಗಂಟೆಗೆ ಊಟಕ್ಕೆ ಇಳಿದಾಗ ನಾನೇ ನೋಡಿದ್ದೆ. ಏನಯ್ಯಾ ನಿದ್ದೆ ಹೊಡೀತಿದ್ದೀಯಾ ಅಂತ ಕಾಲಿಗೆ ಶೂನಲ್ಲಿ ಒಂದು ತಟ್ಟಿದೆ. ಮಾತಾಡಲಿಲ್ಲ. ತುಂಬಾ ಕೊಬ್ಬು ಅಂದ್ಕೊಂಡು ಹೋದೆ."

"ಹೌದು ಸಾರ್. ಕೊಬ್ಬು ಜಾಸ್ತಿ ಅವರಿಗೆ."

ಸಾಹೇಬರು ಸೀಟಿನ ಕಡೆ ನೋಡಿ ಮೂಗಿಗೆ ಕರ್ಚೀಫು ಹಿಡಿದರು. "ಇದೊಂದು... ಹೇಳೋಕೆ ಸಂಕೋಚ. ಸೀಟು ನೋಡಿ, ಹೀಗಾಗಿದೆ. ನಮ್ಮ ತೊಳೆಯೋ ಹುಡುಗರು ಮುಟ್ಟಲ್ಲ ಅಂತಾರೆ. ಹೇಗೂ ನಿಮ್ಮವರದ್ದೇ ತಾನೇ?"

ಕಾವಲುಗಾರ ಬಕೆಟ್ಟು ತಂದುಕೊಟ್ಟ, ಎರಡು ಸಲ ನೀರು ಬದಲಿಸಿ ಕೊಟ್ಟ. ಅವಳು ಸೀಟು ತೊಳೆದಳು. ಜನ ಲಿಫ್ಟಿಗೆ ಹೋದರು, ಬಂದರು. ಒಬ್ಬಳು ಹುಡುಗಿ, ಇಲ್ಲೇ ಅಂತೆ ಕಣೇ, ಎಂದು ಗೆಳತಿಯ ಕೈ ಹಿಡಿದು ದೂರದಿಂದ ಸುತ್ತಿ ಹೋದಳು.

ಬಸ್ಸಿನಲ್ಲಿ ಅವಳು ಲೆಕ್ಕ ಹಾಕಿದಳು. ಸರಿಯಾದ ಮೂರು ತಗಡಿಗೆ ಮೂರು ನಿಮಿಷ. ಆಮೇಲಿನದಕ್ಕೆ ಅರ್ಧ ಗಂಟೆಯಾದರೂ ಆಗಿರಬೇಕು. ಅಷ್ಟು ಹೊತ್ತು ಅವನು ಯಾಕೆ ಏಳಲಿಲ್ಲ? ಎದ್ದರೆ ಸ್ಪ್ರಿಂಗು ಬಿದ್ದುಹೋಗುತ್ತಿತ್ತು. ಎದೆಯ ಮೇಲೆ ಕೆಲಸ ಹಾಸಿಕೊಂಡವನು ಏಳುವುದಿಲ್ಲ. ನೋವು ಬಂದದ್ದೂ ಅಲ್ಲಿಗೇ. ಮೊದಲು ಇದೊಂದು ಮುಗಿದುಬಿಡಲಿ ಎಂದುಕೊಂಡಿದ್ದಾನೆ ಪುಣ್ಯಾತ್ಮ. ಹಾರ್ನು ಒತ್ತುವ ಹೊತ್ತಿಗೆ ತಡವಾಗಿತ್ತು. ಒತ್ತಿದ್ದಕ್ಕೂ ಬೈಸಿಕೊಂಡ.

ಮನೆಯಲ್ಲಿ ಅತ್ತೆಗೆ, ಅಲ್ಲಿಯವರೂ ಹಾಗೇ ಹೇಳಿದರು, ಕಣ್ಣು ಮುಚ್ಚಿ ಮಲಗಿದ ಹಾಗಿತ್ತಂತೆ, ಎಂದಳು. ಅತ್ತೆ ಅವತ್ತು ಹೊಟ್ಟೆ ತುಂಬ ಉಂಡಳು. ಆಮೇಲೆ ಮತ್ತೆ ಎರಡು ವರ್ಷ ಅದನ್ನೇ ಎಲ್ಲರಿಗೂ ಹೇಳುತ್ತಾ ಬದುಕಿ, ಮೂರು ವಾರ ನರಳಿ ಸತ್ತಳು.

ವ್ಯಾನನ್ನೂ ಡಬ್ಬಿಗಳನ್ನೂ ಒಬ್ಬ ಬೀಗದವನು ಕೊಂಡ. ತಗಡು ಉಜ್ಜುವವನೇ. ಅವಳಿಗೆ ಗೊತ್ತಿತ್ತು. ಕೊಟ್ಟಳು. ದೊಡ್ಡ ರಸ್ತೆಯ ಗ್ಯಾರೇಜಿನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು.

ಬೆಳಿಗ್ಗೆ ಎಂಟಕ್ಕೆ ಮೆಕ್ಯಾನಿಕ್‌ಗಳು ಕಾರುಗಳ ಕೆಳಗೆ ನುಗ್ಗುತ್ತಾರೆ. ಕಾಲುಗಳು ಮಾತ್ರ ಹೊರಗೆ. ಅವಳು ಒಂದು ತುದಿಯಿಂದ ಗುಡಿಸುತ್ತಾ ಬರುತ್ತಾಳೆ. ಪ್ರತಿ ಜೊತೆ ಕಾಲಿನ ಹತ್ತಿರ ನಿಂತು ಪೊರಕೆಯ ಹಿಡಿಯಿಂದ ಅಂಗಾಲಿಗೆ ಕುಟ್ಟುತ್ತಾಳೆ. ಮೊದಮೊದಲು ನಗುತ್ತಿದ್ದರು. "ಇವತ್ತೂ ಸತ್ತಿಲ್ಲ ಅಕ್ಕಾ, ಮುಂದಕ್ಕೆ ಹೋಗು," ಎನ್ನುತ್ತಿದ್ದರು. ಒಬ್ಬ ತಮಾಷೆಗೆ ಸುಮ್ಮನೆ ಬಿದ್ದುಕೊಂಡ. ಅವಳು ಪೊರಕೆ ಬಿಸಾಡಿ, ಎರಡೂ ಕಾಲು ಹಿಡಿದು ದರದರ ಎಳೆದಳು. ಸಿಮೆಂಟಿಗೆ ಉಜ್ಜಿ ಅವನ ಬೆನ್ನು ಸುಲಿದುಹೋಯಿತು. ಅವನು ಎದ್ದು ಅವಳ ಮುಖ ನೋಡಿದ, ಹೊಡೆಯಲು ಎತ್ತಿದ ಕೈ ಇಳಿಸಿದ. ಅಂದಿನಿಂದ ಯಾರೂ ತಮಾಷೆ ಮಾಡುವುದಿಲ್ಲ.

ಕಾಲು ಅಲ್ಲಾಡಿದರೆ ಅವಳು ಹೋಗುವುದಿಲ್ಲ. ಮತ್ತೆ ಕುಟ್ಟುತ್ತಾಳೆ. ಕಾರಿನ ಕೆಳಗಿನಿಂದ ಬೈಗುಳ ಬರಬೇಕು. ತಾಯಿ ತಂದೆಯನ್ನೆಲ್ಲ ಸೇರಿಸಿ, ಬಾಯಿ ತುಂಬ ಬೈಯಬೇಕು. ಬೈದ ಮೇಲೆ ಅಲ್ಲಿಯ ಕಸ ಗುಡಿಸಿ, ಮುಂದಿನ ಕಾರಿಗೆ ಹೋಗುತ್ತಾಳೆ.