ನಾಗಮ್ಮನ ಮುಚ್ಚಳ ಮತ್ತು ಕುಬಸದ ಬುತ್ತಿ

ಕೋವಿಡ್ ಕಳೆದು ಮದುವೆ ಮನೆಗಳ ಮುಂದೆ ಮತ್ತೆ ಹಂದರ ಏಳತೊಡಗಿದ ಕಾಲ. ನಾನು ಆಗ ಆಳಂದದ ನಮ್ಮ ಮನೆಯಲ್ಲೇ ಕೂತು ಪೇಟೆಂಟ್ ಡ್ರಾಯಿಂಗ್ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಇದನ್ನು ವೃತ್ತಿ ಎಂದರೆ ನಮ್ಮ ಓಣಿಯಲ್ಲಿ ಕೆಲವರು ನಗುತ್ತಾರೆ. ನಗಲಿ. ಊಟದ ಮೇಜೇ ನನ್ನ ಕಚೇರಿ. ಮಧ್ಯಾಹ್ನದ ತಾಟು ಎತ್ತಿ, ಮೇಜು ಒರೆಸಿ, ಒದ್ದೆ ಆರುವವರೆಗೆ ಕಾಯ್ದು ಹಾಳೆ ಹರಡಿದರೆ ಕಚೇರಿ ತೆರೆದಂತೆ.

ಕಾನ್ವೆಂಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ವಿದ್ಯಾ ಬೆಂಗಳೂರಿನಲ್ಲಿ ಪೇಟೆಂಟ್ ಏಜೆಂಟ್. ಹೊಸದೇನನ್ನಾದರೂ ಕಂಡುಹಿಡಿದವರಿಗೆ ಸರ್ಕಾರ ಇಪ್ಪತ್ತು ವರ್ಷದ ಹಕ್ಕು ಕೊಡುತ್ತದೆ. ಅಷ್ಟು ಕಾಲ ಅವರ ಒಪ್ಪಿಗೆಯಿಲ್ಲದೆ ಬೇರೆಯವರು ಆ ವಸ್ತುವನ್ನು ಮಾಡಿ ಮಾರುವಂತಿಲ್ಲ. ಅದೇ ಪೇಟೆಂಟ್. ಅದಕ್ಕೆ ಅರ್ಜಿ ಹಾಕುವಾಗ ವಸ್ತುವಿನ ಒಂದೊಂದು ಭಾಗಕ್ಕೂ ಸಂಖ್ಯೆ ಕೊಟ್ಟು ಕಪ್ಪು ಗೆರೆಯ ಚಿತ್ರ ಬರೆಯಬೇಕು. ಶಾಲೆಯಲ್ಲಿ ನಾನು ಬರೆದ ದಾಸವಾಳದ ಅಡ್ಡಕೊಯ್ತದ ಚಿತ್ರ ನೆನಪಿಟ್ಟುಕೊಂಡು ವಿದ್ಯಾ ಈ ಕೆಲಸ ನನಗೆ ಕೊಟ್ಟಳು. ಟೂತ್‌ಪೇಸ್ಟಿನ ಮುಚ್ಚಳ, ನೆಲ ಒರೆಸುವ ಕೋಲು, ವಿಮಾನದ ಸೀಟಿನ ಹಿಂದೆ ಮಡಚಿಕೊಳ್ಳುವ ತಟ್ಟೆ, ಊಟದ ಗಾಡಿಯ ಬ್ರೇಕು, ಹೀಗೆ ಏನೇನೋ ಬರುತ್ತಿದ್ದವು. ವಿಮಾನದಲ್ಲಿ ನಾನು ಕೂತದ್ದು ಒಂದೇ ಸಲ. ಆದರೆ ಅದರ ಸೀಟಿನ ಕೊಂಡಿ ಹೇಗೆ ಬಿಚ್ಚಿಕೊಳ್ಳುತ್ತದೆ ಎಂದು ಕಣ್ಣು ಮುಚ್ಚಿಯೂ ಬರೆಯಬಲ್ಲೆ.

ಆ ವಾರ ಮೇಜಿನ ಮೇಲಿದ್ದದ್ದು ವಿಮಾನದ ಬಿಸಿನೀರಿನ ಜಗ್ಗು. ವಿಮಾನದೊಳಗಿನ ಪುಟ್ಟ ಅಡುಗೆಮನೆಗೆ ಗ್ಯಾಲಿ ಎನ್ನುತ್ತಾರೆ; ವಿಮಾನ ಕುಲುಕಿದಾಗ ಅಲ್ಲಿನ ಬಿಸಿನೀರು ಚೆಲ್ಲದಂತೆ ಜಗ್ಗಿನ ಮುಚ್ಚಳಕ್ಕೆ ಒಂದು ಕ್ಲಿಪ್ಪು. ನಮ್ಮ ಮನೆಯ ಒಂದು ನಾಮಕರಣದ ಅಡುಗೆ ಮಾತಾಡಲು ಬಂದಿದ್ದ ನಾಗಮ್ಮ ಆ ಚಿತ್ರದ ಮುಂದೆ ನಿಂತುಬಿಟ್ಟಳು.

ನಾಗಮ್ಮ ನಿಂಬರ್ಗಾದವಳು. ಮದುವೆ, ಮುಂಜಿ, ಬಸುರಿಯರ ಕುಬಸ ಅಂತ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ತಿರುಗಿ ಅಡುಗೆ ಮಾಡುವವಳು. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಗುರುತು. ಅಲ್ಲಿ ಚರ್ಮ ಹಾಲಿನ ಕೆನೆಯ ಹಾಗೆ ನೆರಿಗೆಗಟ್ಟಿದೆ.

"ಇದೇನ್ರಿ ಅಕ್ಕೋರೆ, ಕೆಟಲಿ ಹೊಟ್ಟಿ ಕೊಯ್ದಂಗ ತಗದೀರಿ?"

ನಾನು ವಿವರಿಸಿದೆ. ಮೇಲೆ ಹೋದಾಗಲೂ ವಿಮಾನ ಕುಲುಕುತ್ತದೆ ಎಂದದ್ದನ್ನು ಕೇಳಿ ಆಕೆ ಸೆರಗು ಬಾಯಿಗೆ ಒತ್ತಿ ನಕ್ಕಳು.

"ಹಂಗಾರ ಆಕಾಶದಾಗೂ ಜೇವರ್ಗಿ ರೋಡ್ ಇದ್ದಂಗ ಅದ ಅನ್ರಿ!" ಆಮೇಲೆ ನಗು ನಿಲ್ಲಿಸಿ ಚಿತ್ರದ ಕ್ಲಿಪ್ಪಿನ ಮೇಲೆ ಬೆರಳಿಟ್ಟಳು. "ಇದನ್ನ ಹಾಕೋದು ಮರತ್ರ?"

"ಮರೆತರೆ ಚೆಲ್ಲುತ್ತದೆ."

"ನಂದು ಮರತ್ರೂ ಚೆಲ್ಲಂಗಿಲ್ರಿ."

ಮರುದಿನ ಒಂದು ಡಬರಿ, ಸಾರಿನ ದೊಡ್ಡ ಪಾತ್ರೆ, ಮುಚ್ಚಳದ ಸಮೇತ ಹೊತ್ತು ತಂದಳು. ಟೆಂಪೋದಲ್ಲಿ ಸಾರು ಒಯ್ಯುವಾಗ ಮುಚ್ಚಳ ಹಾರಿ ಕೈ ಸುಟ್ಟ ಮೇಲೆ ತಾನೇ ಯೋಚಿಸಿ, ವೆಲ್ಡಿಂಗ್ ಅಂಗಡಿಯಲ್ಲಿ ಎದುರಿಗೆ ಕೂತು ಮಾಡಿಸಿದ ಮುಚ್ಚಳವಂತೆ. ಮುಚ್ಚಳದ ಅಡಿಯಲ್ಲಿ ಮೂರು ಉಕ್ಕಿನ ನಾಲಿಗೆ. ಹಿಡಿಕೆ ಒಳಗಿನ ಸ್ಪ್ರಿಂಗಿನ ಎಳೆತಕ್ಕೆ ಕೆಳಗೆ ಕೂತಾಗ ಮೂರೂ ಹೊರಗೆ ಚಾಚಿ ಪಾತ್ರೆಯ ಕಂಠದ ಕೆಳಗೆ ಸಿಕ್ಕಿಕೊಳ್ಳುತ್ತವೆ. ಹಿಡಿಕೆ ಎತ್ತಿದರೆ ಮೂರೂ ಒಳಗೆ ಸರಿಯುತ್ತವೆ. ಬೇರೆ ಕ್ಲಿಪ್ಪಿಲ್ಲ, ಬೀಗವಿಲ್ಲ.

"ಕೈಲೆ ಎತ್ತಿದ್ರ ಬರ್ತದ. ಒಳಗಿಂದ ದೂಡಿದ್ರ ಬರಂಗಿಲ್ಲ," ಎಂದಳು ನಾಗಮ್ಮ.

ನಾನು ನೀರು ತುಂಬಿ ಡಬರಿಯನ್ನು ಅಂಗಳದಲ್ಲಿ ಉರುಳಿಸಿದೆ. ಕಂಠದ ಸುತ್ತ ನಾಲ್ಕು ಹನಿ ಜಿನುಗಿತು, ಅಷ್ಟೆ. ಒಳಗೆ ಹೋಗಿ ವಿದ್ಯಾಗೆ ಫೋನು ಮಾಡಿದೆ. ನನ್ನ ದನಿ ಏರಿತ್ತಂತೆ, ಆಕೆ ಆಮೇಲೆ ಹೇಳಿದಳು.

ವಿದ್ಯಾ ಸ್ಪೀಕರಿನಲ್ಲಿ ನಾಗಮ್ಮನನ್ನೇ ಕೇಳಿದಳು. ಇದನ್ನು ಎಲ್ಲಿಯಾದರೂ ಮಾರಿದ್ದೀರಾ? ಇಲ್ಲ. ಪೇಪರಿನಲ್ಲಿ, ಪ್ರದರ್ಶನದಲ್ಲಿ ಬಂದಿದೆಯಾ? ಇಲ್ಲ. ಹೊರಗಿನ ಯಾರಿಗಾದರೂ ಕೊಟ್ಟಿದ್ದೀರಾ, ತೋರಿಸಿದ್ದೀರಾ? "ಇಲ್ರೀ ಬಾಯಾರ. ವೆಲ್ಡಿಂಗ್ ಮಾಡಿದವ ನನ್ನ ತಮ್ಮ. ಹೊರಗಿನೋರಿಗಿ ಯಾಕ ತೋರ್ಸಲಿ?" ಈ ಪ್ರಶ್ನೆಗಳು ಬೇಕೇ ಬೇಕು. ಅರ್ಜಿ ಹಾಕುವ ಮೊದಲೇ ವಸ್ತು ಜನರ ಬಳಕೆಗೆ ಬಂದುಬಿಟ್ಟಿದ್ದರೆ, ಮಾಡಿದವರು ಯಾರೇ ಇರಲಿ, ಕಾನೂನಿನ ಕಣ್ಣಿಗೆ ಅದು ಹೊಸದಲ್ಲ.

ಚೆನ್ನೈ ಪೇಟೆಂಟ್ ಕಚೇರಿಗೆ ಅರ್ಜಿ ಹೋಯಿತು. ಅರ್ಜಿಯಲ್ಲಿ ಕ್ಲೇಮ್ ಎಂದು ಒಂದು ಭಾಗವಿರುತ್ತದೆ: ಇಷ್ಟು ನನ್ನದು ಎಂದು ಬೇಲಿ ಹಾಕುವ ವಾಕ್ಯಗಳು. ನಮ್ಮ ಮೊದಲ ಕ್ಲೇಮ್ ನಾಗಮ್ಮನ ಮಾತೇ, ಇಂಗ್ಲಿಷಿನ ಕೋಟು ತೊಟ್ಟಿತ್ತು, ಅಷ್ಟೆ. ಕೊನೆಯ ಕ್ಲೇಮಿನಲ್ಲಿ ವಿದ್ಯಾ ವಿಮಾನದ ಗ್ಯಾಲಿಯ ಪಾತ್ರೆಗಳನ್ನೂ ಸೇರಿಸಿದಳು. ಅದನ್ನು ಕೇಳಿದ ನಾಗಮ್ಮ, "ಅದರ ಮ್ಯಾಲ ಹೆಸರು ಕೊರೀತಾರೇನ್ರಿ?" ಎಂದಳು.

"ವಸ್ತುವಿನ ಮೇಲೆ ನಂಬರ್ ಹಾಕಬಹುದು. ಹೆಸರು ಸರ್ಕಾರದ ಪತ್ರದಲ್ಲಿ ಇರುತ್ತದೆ."

"ಇರಲಿ ಸಾಕ್ರಿ. ಇಷ್ಟು ವರ್ಸ ಅಡಗಿ ಮಾಡೇನಿ. ಉಂಡವ್ರು ಕೈ ತೊಳ್ಕೊಂಡು ಹೋದ್ರ ಮುಗೀತು, ಏನೂ ಉಳಿಯಂಗಿಲ್ಲ. ಇದೊಂದು ನಂದು ಅಂತ ಉಳೀಲಿ."

ಅರ್ಜಿ ಪ್ರಕಟವಾದ ಮೇಲೆ ಹಕ್ಕು ಸಿಗುವ ಮುನ್ನ ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ರಾಜ್ಯದ ಗಡಿಯಾಚೆಯ ಒಂದು ಪಾತ್ರೆ ಕಂಪನಿ ಸಲ್ಲಿಸಿತು. ಮುಚ್ಚಳ ತನ್ನದು ಎಂದು ಅದು ಹೇಳಿರಲಿಲ್ಲ. ಇದು ಯಾರೊಬ್ಬರದೂ ಅಲ್ಲ, ಈಗಾಗಲೇ ಎಲ್ಲರದು ಎಂದಿತ್ತು. ಸಾಕ್ಷಿಯಾಗಿ ಒಂದು ವಿಡಿಯೋ.

ವಿದ್ಯಾ ಕಳಿಸಿದ ಆ ವಿಡಿಯೋವನ್ನು ನಾನು ಅಡುಗೆಮನೆಯಲ್ಲಿ ನಿಂತೇ ನೋಡಿದೆ. ಅಫಜಲಪುರ ತಾಲ್ಲೂಕಿನ ಅತನೂರಿನ ಒಂದು ಮನೆ. ನಡುವೆ ಹಸಿರು ಸೀರೆ, ಹಸಿರು ಬಳೆಯಲ್ಲಿ ಕೂತ ಬಸುರಿ ಹುಡುಗಿ, ನಾಗಮ್ಮನ ಮಗಳು. ಕುಬಸದ ದಿನ. ನಮ್ಮ ಕಡೆ ಕುಬಸಕ್ಕೆ ತವರಿನವರು ಬುತ್ತಿ ಒಯ್ಯುತ್ತಾರೆ: ಕಡುಬು, ಹೋಳಿಗೆ, ಸಜ್ಜಿರೊಟ್ಟಿ, ಎಣ್ಣೆಗಾಯಿ, ಮೊಸರನ್ನ. ಐದು ಡಬರಿ, ಐದಕ್ಕೂ ನಾಗಮ್ಮನ ಮುಚ್ಚಳ. ಸುತ್ತ ಓಣಿಯ ಹೆಂಗಸರು. ನಾಗಮ್ಮ ತುಂಬಿದ ಡಬರಿಯೊಂದನ್ನು ಮಕಾಡೆ ಹಾಕಿ ತೋರಿಸುತ್ತಾಳೆ, ಹೆಂಗಸರು ಹೋ ಎನ್ನುತ್ತಾರೆ. ಒಬ್ಬಾಕೆ "ಬೀಗತೇರ, ಒಳಗ ಕಡುಬು ಅದಾವೋ ಇಲ್ಲೋ?" ಎಂದು ಕೆಣಕುತ್ತಾಳೆ. ಆಗ ನಾಗಮ್ಮ ಮುಚ್ಚಳ ತೆಗೆದು, ಅಡಿ ಮೇಲೆ ಮಾಡಿ, ಮೂರು ನಾಲಿಗೆಯನ್ನೂ ಬೆರಳಿಂದ ಆಡಿಸಿ ಹೇಳುತ್ತಾಳೆ: "ಕೈಲೆ ಎತ್ತಿದ್ರ ಬರ್ತದ. ಒಳಗಿಂದ ದೂಡಿದ್ರ ಬರಂಗಿಲ್ಲ."

ನಮ್ಮ ಮೊದಲ ಕ್ಲೇಮ್ ಅದು. ಅರ್ಜಿ ಹಾಕುವುದಕ್ಕಿಂತ ಎಷ್ಟೋ ಮೊದಲೇ ಬೀಗರ ಮನೆಯವರು ಅದನ್ನು ಖುಷಿಯಿಂದ ಮೊಬೈಲಿನಲ್ಲಿ ಊರಿಗೆಲ್ಲ ಹಂಚಿದ್ದರು.

ನಾಗಮ್ಮನನ್ನು ಕರೆಸಿದೆ. ನಾನು ಏನನ್ನೂ ಕೇಳುವ ಮೊದಲೇ ಆಕೆಯ ಮುಖ ಅರಳಿತು. "ಅಯ್ಯ, ನಮ್ ಹುಡ್ಗಿ ಕುಬ್ಸ! ನಿಮಗೆಲ್ಲಿ ಸಿಕ್ತ್ರಿ?" ವಿಷಯ ತಿಳಿದ ಮೇಲೂ ಆಕೆಗೆ ಅರ್ಥವಾದದ್ದು ಬೇರೆಯೇ. "ಚಲೋ ಆತಲ್ರಿ. ನಾನs ಮಾಡೇನಿ ಅನ್ನೋದಕ್ಕ ಇದಕ್ಕಿಂತ ಸಾಕ್ಷಿ ಬೇಕ?"

"ಹೊರಗಿನವರಿಗೆ ತೋರಿಸಿಲ್ಲ ಅಂದಿದ್ದಿರಿ ನಾಗಮ್ಮ."

"ಬೀಗರು ಹೊರಗಿನೋರಾ ಅಕ್ಕೋರೆ? ಮಗಳನ್ನs ಕೊಟ್ಟೇನಿ."

ನಾನು ವಿದ್ಯಾಗೆ ಫೋನು ಮಾಡಿದೆ.

ವಿದ್ಯಾ ಒಂದು ದಾರಿ ಹೇಳಿದಳು. ಗುಟ್ಟಾಗಿಡಬೇಕು ಎಂಬ ಮಾತಿನ ಮೇಲೆ ತೋರಿಸಿದ್ದರೆ ಅದನ್ನು ಬಹಿರಂಗ ಬಳಕೆ ಎಂದು ಎಣಿಸುವುದಿಲ್ಲ. ಹಾಗೆ ಮಾತಾಗಿತ್ತೇ? ಆಗಿದ್ದರೆ ಬೀಗತಿ ಪ್ರಮಾಣಪತ್ರ ಕೊಡಬಹುದೇ? ಆಗಿರದಿದ್ದರೆ ಬರೆಯಬೇಡಿ ಎಂದೂ ಸ್ಪಷ್ಟವಾಗಿ ಹೇಳಿದಳು. ನಾನೂ ನಾಗಮ್ಮನೂ ಬಸ್ಸು ಹಿಡಿದು ಅತನೂರಿಗೆ ಹೋದೆವು.

ಬೀಗತಿ ಗಂಗಾಬಾಯಿ ದಪ್ಪ ದನಿಯ, ದೊಡ್ಡ ಕುಂಕುಮದ ಹೆಂಗಸು. ನೀರು ಕೊಟ್ಟು, ಚಾ ಕೊಟ್ಟು, ಅವಲಕ್ಕಿ ಮುಂದಿಟ್ಟು, ಆಮೇಲೆಯೇ ಮಾತು. ನಾನು, ಕುಬಸದಂದು ಅಲ್ಲೇ ಬಿಟ್ಟುಬಂದಿದ್ದ ಡಬರಿಗಳನ್ನು ನೋಡಬೇಕೆಂದೆ.

"ಅವು ಮನ್ಯಾಗ ಎಲ್ಲಿ ನಿಲ್ತಾವ್ರಿ? ಎರಡು ಜೇವರ್ಗಿಗಿ ಹೋಗ್ಯಾವ, ನಮ್ಮ ತಂಗಿ ಮನಿ ಕಾರ್ಯಕ್ಕ. ಒಂದು ಹಿಂದಿನ ಓಣ್ಯಾಗ ಅದ. ಉಳದಿದ್ದು ಯಾರ ಒಯ್ದಾರೋ ಗುಡಿ ಕಟ್ಟಿ ಮ್ಯಾಲ ಕೇಳ್ಬೇಕು. ಹೊಲಕ್ಕ ಬುತ್ತಿ ಒಯ್ಯೋರು ಅದರಂಗs ಸಣ್ಣದು ಮಾಡಿಸ್ಕೊಂಡಾರ್ರಿ. ನಮ್ಮ ಬೀಗತಿ ಮುಚ್ಚಳ ಅಂತ ಎದಿ ಉಬ್ಬಿಸಿ ಹೇಳ್ತೇನಿ ನಾ!"

ನಾಗಮ್ಮ ಮೊದಲು ನಕ್ಕಳು. ಆಮೇಲೆ ನನ್ನ ಮುಖ ನೋಡಿದಳು. ಅವಲಕ್ಕಿಯ ಚಮಚವನ್ನು ತಟ್ಟೆಯ ಅಂಚಿಗೆ ಸದ್ದಾಗದಂತೆ ಇಟ್ಟಳು.

ಬಂದ ಕೆಲಸವನ್ನು ನಾನೇ ಹೇಳಿದೆ. ಗಂಗಾಬಾಯಿ ಪೂರ್ತಿ ಕೇಳಲೂ ಇಲ್ಲ. "ಗುಟ್ಟು ಅಂತ ಬರದ್ರ ನಮ್ಮ ಬೀಗತಿಗಿ ಚಲೋ ಆಗ್ತದೇನು? ಬರೀರಿ. ಎಲ್ಲಿ ಸಹಿ ಮಾಡ್ಲಿ?"

ಅಷ್ಟು ಸುಲಭವಿತ್ತು. ನನ್ನ ಚೀಲದಲ್ಲಿ ಪೆನ್ನೂ ಇತ್ತು. ಆದರೆ ಬಾಗಿಲಿನಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಮಗಳ ಕಡೆ ನೋಡುತ್ತ ನಾಗಮ್ಮ ಮಾತಾಡಿದಳು.

"ಬ್ಯಾಡ್ರಿ ಬೀಗತೇರ. ಬುತ್ತಿ ಅಂದ್ರ ಓಣಿಗೆಲ್ಲ ಬೀರೋದು. ಬುತ್ತಿ ತಂದು, ಯಾರಿಗಿ ತೋರಿಸಬ್ಯಾಡ್ರಿ ಅಂದಿದ್ಲು ಅಂತ ಕಾಗದದಾಗ ಬಂದ್ರ, ನನ್ನ ಮಗಳು ಈ ಓಣ್ಯಾಗ ತಲಿ ಎತ್ತಿ ಹ್ಯಾಂಗ ತಿರಗ್ಬೇಕು? ಮತ್ತ ಅದು ಖರೇನೂ ಅಲ್ಲ."

"ಖರೇ ಯಾರು ಕೇಳ್ತಾರs?" ಎಂದಳು ಗಂಗಾಬಾಯಿ.

"ಓಣಿ ಮಂದಿ ಕೇಳ್ತಾರ. ಅವರೆಲ್ಲ ಉಂಡಾರ."

ಹೊರಡುವಾಗ ಗಂಗಾಬಾಯಿ ನಮ್ಮಿಬ್ಬರಿಗೂ ಉಡಿ ತುಂಬಿದಳು. ಬಸ್ಸಿನಲ್ಲಿ ಮಡಿಲ ಅಕ್ಕಿ ಚೆಲ್ಲದಂತೆ ಸೆರಗು ಹಿಡಿದುಕೊಂಡು, ಇಬ್ಬರೂ ಆಳಂದಕ್ಕೆ ಬಂದೆವು.

ವಿಚಾರಣೆ ನಡೆದದ್ದು ವಿಡಿಯೋ ಕರೆಯಲ್ಲಿ. ನಮ್ಮ ಮೇಜಿನ ಮೇಲೆ ಲ್ಯಾಪ್‌ಟಾಪ್. ನಾಗಮ್ಮ ಇಸ್ತ್ರಿ ಮಾಡಿದ ಸೀರೆಯಲ್ಲಿ ನೆಟ್ಟಗೆ ಕೂತಿದ್ದಳು. ಬೆಂಗಳೂರಿನಿಂದ ವಿದ್ಯಾ, ಆ ಕಡೆ ಕಂಪನಿಯ ವಕೀಲರು, ನಡುವೆ ತೀರ್ಮಾನ ಮಾಡುವ ಅಧಿಕಾರಿ, ಅವರಿಗೆ ಕಂಟ್ರೋಲರ್ ಎನ್ನುತ್ತಾರೆ. ಗ್ಯಾಲಿಯ ಕ್ಲೇಮ್ ಒಂದನ್ನಾದರೂ ಉಳಿಸಿಕೊಳ್ಳಲು ವಿದ್ಯಾ ವಾದಿಸಿದಳು. ಬೀಗವಿಲ್ಲದ ಅದೇ ಮುಚ್ಚಳ, ಟೆಂಪೋದಿಂದ ವಿಮಾನಕ್ಕೆ ಹತ್ತಿದರೆ ಹೊಸದಾಗುವುದಿಲ್ಲ ಎಂದು ವಕೀಲರು ಹೇಳಿದರು. ಸಭ್ಯ ಮನುಷ್ಯ. ದನಿ ಎತ್ತಲಿಲ್ಲ.

ಕೊನೆಗೆ ಕಂಟ್ರೋಲರ್ ವಿಡಿಯೋ ಹಾಕಿಸಿ, ಇದರಲ್ಲಿರುವುದು ಅರ್ಜಿದಾರರೇ, ಆ ಮುಚ್ಚಳ ಇದೇ ಮುಚ್ಚಳವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ.

ನಾಗಮ್ಮ ಪರದೆಯ ಕಡೆ ಬಾಗಿದಳು. ಅಷ್ಟು ಹೊತ್ತು ಅರ್ಥವಾಗದ ಮಾತುಗಳ ನಡುವೆ ಕೂತಿದ್ದವಳಿಗೆ ಕಡೆಗೂ ತನಗೆ ಗೊತ್ತಿರುವ ಪ್ರಶ್ನೆ ಬಂದಿತ್ತು.

"ಹೌದ್ರೀ ಸಾಹೇಬ್ರ! ನಾನs. ಅದೇ ಮುಚ್ಚಳ. ಐದೂ ನಾನs ಮಾಡಿಸಿದ್ದು!"

ಆ ವಾಕ್ಯವನ್ನು ಇಂಗ್ಲಿಷಿಗೆ ತರಬೇಕಾದವಳು ನಾನು. ಒಂದು ಪದ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗೇ ಹೇಳಿದೆ. ಪಕ್ಕದಲ್ಲಿ ನಾಗಮ್ಮ ತಲೆಯಾಡಿಸುತ್ತ ನನ್ನ ಇಂಗ್ಲಿಷನ್ನು ಅನುಮೋದಿಸುತ್ತಿದ್ದಳು. ಪರದೆಯಲ್ಲಿ ವಿದ್ಯಾ ಕನ್ನಡಕ ತೆಗೆದು ಕಣ್ಣೊತ್ತಿಕೊಂಡಳು.

ಅರ್ಜಿ ತಿರಸ್ಕೃತವಾಯಿತು. ಆದೇಶವನ್ನು ನಾನೇ ಓದಿ ಹೇಳಿದೆ. ಸ್ವತಃ ಅರ್ಜಿದಾರರೇ ಈ ಮುಚ್ಚಳವನ್ನು ಮಾಡಿ, ಅರ್ಜಿಗೆ ಮುನ್ನವೇ ಜನರ ನಡುವೆ ಬಳಕೆಗೆ ಕೊಟ್ಟಿದ್ದನ್ನು ಒಪ್ಪಿಕೊಂಡಿರುವುದರಿಂದ, ಎಂದಿತ್ತು ಅದರಲ್ಲಿ.

"ಅಂದ್ರ ನಾನs ಮಾಡೇನಿ ಅಂತ ಸರ್ಕಾರ ಬರದದ ಹೌದಲ್ರಿ?"

"ಬರೆದಿದೆ."

"ಆದ್ರ ನಂದಲ್ಲ."

"ಅಲ್ಲ."

ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದಿತ್ತು. ಹೋದರೂ ಆ ಕುಬಸ ನಡೆದಿಲ್ಲ ಎಂದಾಗುತ್ತಿರಲಿಲ್ಲ ಎಂದಳು ವಿದ್ಯಾ. ಈಗ ಆಳಂದದ ಪೇಟೆಯಲ್ಲಿ ಆ ಮುಚ್ಚಳದ ಪಾತ್ರೆಗಳು ಸಿಗುತ್ತವೆ, ಮೇಲೆ ಆ ಕಂಪನಿಯ ಹೊಳೆಯುವ ಚೀಟಿ. ತಪ್ಪೇನೂ ಇಲ್ಲ, ಕಾನೂನು ಪ್ರಕಾರ ಯಾರಾದರೂ ಮಾಡಬಹುದು. ಮೊದಲ ಸಲ ನೋಡಿದ ದಿನ ನಾಗಮ್ಮ ಆ ಚೀಟಿಯ ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿದಳು. ಅಂಗಡಿಯವ ಕೆಮ್ಮಿದಾಗ ಹೆಬ್ಬೆರಳಿನಿಂದ ಒತ್ತಿ ಮತ್ತೆ ಅಂಟಿಸಿದಳು.

ಈ ಕೆಲಸ ನನಗೆ ಕಲಿಸಿದ್ದು ಒಂದೇ. ಕಾನೂನಿನ ಪ್ರಶ್ನೆಗಳನ್ನು ಕಚೇರಿಯ ಮಾತಿನಲ್ಲಿ ಕೇಳಿದರೆ ನಮ್ಮ ಜನ ನಿಜವನ್ನೇ ಹೇಳುತ್ತಾರೆ, ಆ ನಿಜದೊಳಗೆ ಬೀಗರು, ಓಣಿ, ಅಕ್ಕಪಕ್ಕ ಯಾರೂ ಬರುವುದಿಲ್ಲ. ಅವರನ್ನೆಲ್ಲ ಮನೆಯ ಒಳಗೇ ಎಣಿಸಿರುತ್ತಾರೆ. ಹಾಗಾಗಿ ಯಾರಾದರೂ ಹೊಸದೊಂದನ್ನು ಮಾಡಿಕೊಂಡು ಬಂದರೆ, ಮಾರಿದ್ದೀರಾ, ತೋರಿಸಿದ್ದೀರಾ ಎಂದು ನಾನು ಶುರು ಮಾಡುವುದಿಲ್ಲ. ಇದನ್ನು ಮಾಡಿದ ಮೇಲೆ ನಿಮ್ಮ ಮನೆಯಲ್ಲಿ ಯಾವ ಯಾವ ಕಾರ್ಯ ಆದವು ಎಂದು ಕೇಳುತ್ತೇನೆ.

ಮೊನ್ನೆ ಖಜೂರಿಯಿಂದ ಒಬ್ಬಾಕೆ ಬಂದಿದ್ದಳು, ತೊಗರಿ ಕೇರುವಾಗ ಕಣ್ಣಿಗೆ ಧೂಳು ಹಾರದ ಹೊಸ ಬಗೆಯ ಮೊರ ಹಿಡಿದುಕೊಂಡು. ಒಳ್ಳೆಯ ಮೊರ. ನಾನು ಆ ಪ್ರಶ್ನೆ ಕೇಳಿದೆ. ಆಕೆಯ ಮುಖ ಬೆಳಗಿತು.

"ನಮ್ಮ ತಮ್ಮನ ಮದ್ವಿ ಆತ್ರಿ ಅಕ್ಕೋರೆ! ಬಂದ ಮುತ್ತೈದೇರಿಗೆಲ್ಲ ಇಂಥದ್ದೊಂದೊಂದು ಮೊರ ಕೊಟ್ಟೇವಿ. ಎಲ್ಲಾರೂ ಏನು ಖುಷಿ ಆದ್ರಂತೀರಿ..."

ಆಕೆ ಹೇಳುತ್ತಲೇ ಹೋದಳು. ನಾನು ಹಾಳೆಯನ್ನು ಮೆಲ್ಲಗೆ ಮಡಚಿ ಬದಿಗಿಟ್ಟು, ಚಾ ಇಡಲು ಎದ್ದೆ.