ಮೊಸಳೆಗೆ ತೋರಿಸಿದ ಕಾಮಿಕ್ಸ್

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ನಾನು ನಿಂತಿದ್ದದ್ದು ವಡೋದರಾದ ಮಂಜಲ್‌ಪುರದಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ, ಪಾರ್ಕಿಂಗಿಗೆ ಬೆನ್ನು ಹಾಕಿ. ಕೈಯಲ್ಲಿ ರಾಕ್ಷಸರ ಕಾಮಿಕ್ಸ್ ಇತ್ತು, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಮೇಲಿನ ಮೆಟ್ಟಿಲಲ್ಲಿ ಕೂತಿದ್ದ ಏಳು ವರ್ಷದ ಮಗಳು ಅನಘಾಗೆ ಅದನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಕನ್ನಡ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲಿ.

"ಆಗ ಕೆಸರಿನೊಳಗಿಂದ ಆ ರಾಕ್ಷಸ ಮೆಲ್ಲಗೆ ತಲೆ ಎತ್ತಿದ" ಎಂದೆ.

ಅನಘಾ ನನ್ನ ಹಿಂದಕ್ಕೆ ಬೆರಳು ತೋರಿಸಿ, "ಅಪ್ಪಾ, ಅಲ್ಲಿದೆ" ಎಂದಳು. ಕನ್ನಡದಲ್ಲಿ ಹೇಳಿದಳಲ್ಲ ಎಂಬ ಸಂಭ್ರಮದಲ್ಲಿ ನಾನು ತಿರುಗಿ ನೋಡಲೇ ಇಲ್ಲ.

"ಇನ್ನೊಂದ್ಸಲ ಹೇಳು ಪುಟ್ಟಿ."

"ಅಪ್ಪಾ, ನಿನ್ನ ಹಿಂದೆ ಇದೆ. ಬೇಗ ಮೇಲೆ ಬಾ."

ಆಗ ತಿರುಗಿದೆ. ನನ್ನ ಸ್ಕೂಟರಿನ ಪಕ್ಕದಲ್ಲಿ, ಊರ ನಡುವೆ ಮಳೆಗೆ ಉಕ್ಕಿದ ನದಿಯಿಂದ ಬಂದ ಮೊಸಳೆಯೊಂದು ಬಾಯಿ ತೆರೆದು ಮಲಗಿತ್ತು. ಏನೂ ತೋಚದೆ ಕಾಮಿಕ್ಸನ್ನು ಗುರಾಣಿಯಂತೆ ಅದರ ಮುಂದೆ ಹಿಡಿದೆ.

ನೆಲಮಹಡಿಯ ಕಾಂತಾಬೆನ್ ಕಿಟಕಿಯಿಂದ, "ಅರೇ ಭಾಯ್, ಉಸಕೋ ಪಢನಾ ನಹೀ ಆತಾ" ಎಂದರು. ಅದಕ್ಕೆ ಓದಲು ಬರುವುದಿಲ್ಲವಂತೆ. ಅರಣ್ಯ ಇಲಾಖೆಗೆ ಅವರು ಆಗಲೇ ಫೋನ್ ಮಾಡಿಯಾಗಿತ್ತು. ನಾನು ಹಿಂದಡಿಯಿಡುತ್ತ ಮೆಟ್ಟಿಲು ಹತ್ತಿದೆ.

ಇಲಾಖೆಯವರು ಬಂದು ಮೊಸಳೆಯನ್ನು ಕಟ್ಟಿ ಒಯ್ದ ಮೇಲೆ ನನಗೆ ನಗು ತಡೆಯಲಾಗಲಿಲ್ಲ. ನನ್ನನ್ನು ಉಳಿಸಿದ್ದು ಕನ್ನಡ ಎಂದರೆ ಅನಘಾ, "ನಹೀ ಅಪ್ಪಾ, ಮೈನೇ ಬಚಾಯಾ" ಎನ್ನುತ್ತಾಳೆ, ಉಳಿಸಿದ್ದು ತಾನಂತೆ. ಇದನ್ನು ಕಣ್ಣಾರೆ ಕಂಡವರು ಅವಳು ಮತ್ತು ಕಾಂತಾಬೆನ್. ಇಬ್ಬರೂ ಕ್ಷೇಮವಾಗಿದ್ದಾರೆ. ಮೊಸಳೆಯೂ ಅಷ್ಟೇ.