ಮಾತು ಮುಗಿಯುವವರೆಗೆ ಕಾಯುವಾಕೆ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ, ಬೆಳಕೂ ಪೂರ್ತಿ ಬಂದಿಲ್ಲ. ಮೂರನೇ ಮಹಡಿಯ ಕೋಣೆಯಲ್ಲಿ ಕಿಟಕಿಯ ಪರದೆ ತನ್ನಷ್ಟಕ್ಕೆ ತಾನು ಉಬ್ಬಿ ಇಳಿಯುತ್ತಿದೆ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತ ಹೆಂಗಸೊಬ್ಬರು ಜೋಗುಳದ ದನಿಯಲ್ಲಿ ಅಕ್ಷರಮಾಲೆ ಹೇಳುತ್ತಿದ್ದಾರೆ. "ಕ ಸಾಲಾ? ಚ ಸಾಲಾ? ಟ ಸಾಲಾ? ತ ಸಾಲಾ?" ಮಂಚದ ಮೇಲಿದ್ದವರು ಕಣ್ಣು ಮುಚ್ಚಿ ತೆರೆಯುತ್ತಾರೆ. ಸಾಲು ಸಿಕ್ಕಿತು. ಇನ್ನು ಸಾಲಿನೊಳಗೆ ಅಕ್ಷರ ಹುಡುಕಬೇಕು, ಅದಕ್ಕೊಂದು ಗುಡಿಸೋ ಕೊಂಬೋ ಹಚ್ಚಬೇಕು. ಹತ್ತು ನಿಮಿಷದ ಮೇಲೆ ಹೊರಬಂದ ಮಾತು: "ದಿಂಬು ಸೊಟ್ಟ."

"ಅಯ್ಯೋ, ಇದನ್ನ ಹೇಳೋಕೆ ಇಷ್ಟು ಹೊತ್ತೂ ಸೊಟ್ಟ ದಿಂಬಿನ ಮೇಲೇ ಮಲಗಿದ್ರಾ ಸಾರ್?" ಎಂದು ಆಕೆ ನಗುತ್ತಾರೆ. ಮಂಚದ ಮೇಲಿನ ಕಣ್ಣುಗಳೂ ನಗುತ್ತವೆ.

ಬೀದಿಯವರೆಲ್ಲ ಆಕೆಯನ್ನು ಕರೆಯುವುದು ಅಕ್ಷರದಕ್ಕ ಎಂದು. ತಮಾಷೆಯೆಂದರೆ ಆಕೆ ಆರನೇ ತರಗತಿಗೇ ಶಾಲೆಗೆ ಕೈಮುಗಿದು ಹೊರಬಂದವರು. ಬಟ್ಟೆ ಗಿರಣಿ ಮುಚ್ಚಿದಾಗ ಹೊಟ್ಟೆಪಾಡಿಗೆಂದು ಹಿಡಿದದ್ದು ಕೈಕಾಲು ಆಡದವರ ಆರೈಕೆಯ ಕೆಲಸ. ಹದಿನೇಳು ವರ್ಷವಾಯಿತು, ಈ ಮನೆಗೆ ಬಂದು ನಾಲ್ಕು. ಮಂಚದ ಮೇಲಿರುವವರು ಒಂದು ಕಾಲಕ್ಕೆ ಊರಿನ ನೀರಿನ ಕೊಳವೆಗಳ ನಕ್ಷೆ ಬರೆಯುತ್ತಿದ್ದವರು. ನಲವತ್ತಾರನೇ ವಯಸ್ಸಿನಲ್ಲಿ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ, ಕತ್ತಿನಿಂದ ಕೆಳಗೆ ಎಲ್ಲವೂ ನಿಂತಿತು, ನಾಲಿಗೆಯೂ ನಿಂತಿತು. ಬುದ್ಧಿ ಮಾತ್ರ ಮೊದಲಿನಷ್ಟೇ ಚುರುಕು.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೆ ಏಳು ಸಲ ಗಂಟಲಿನ ಕೊಳವೆ ಶುಚಿ ಮಾಡಬೇಕು. ಮಡಚಿಕೊಂಡ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಿಕ್ಕಬೇಕು. ಇದೆಲ್ಲ ಆಕೆಗೆ ನೀರು ಕುಡಿದಷ್ಟು ಸಲೀಸು. ಕಷ್ಟವಿರುವುದು ಬಾಯಿ ಮುಚ್ಚಿಕೊಂಡು ಕೂರುವುದರಲ್ಲಿ.

"ಅರ್ಧ ಪದ ಬಂದ ಕೂಡಲೇ ನಾವೇ ಪೂರ್ತಿ ಮಾಡಿಬಿಡೋಣ ಅನ್ಸುತ್ತೆ. ಮಾಡಬಾರದು. ಅವರ ಬಾಯಿಗೆ ನಮ್ಮ ಮಾತು ತುರುಕಿದ ಹಾಗಾಗುತ್ತೆ. 'ಮುಗೀತಾ ಸಾರ್?' ಅಂತ ಕೇಳ್ತೀನಿ. ಕಣ್ಣು ಮುಚ್ಚಿ ತೆರೆದ್ರೆ ಮುಗೀತು. ಕಿಟಕಿ ಕಡೆ ನೋಡಿದ್ರೆ ಇನ್ನೂ ಇದೆ ಅಂತ ಅರ್ಥ."

ವಾಸಿಯಾಗದ ಸ್ಥಿತಿಯಲ್ಲಿರುವವರು ಬಯಸಿದರೆ ವೈದ್ಯರ ನೆರವಿನಿಂದ ಸಾಯಲು ಬಿಡಬೇಕೇ ಎಂಬ ಚರ್ಚೆ ಕಳೆದ ತಿಂಗಳು ಕಾವೇರಿತ್ತು. ಟೀವಿಯಲ್ಲಿ ಕೈಕಾಲು ಗಟ್ಟಿಯಿದ್ದವರೇ ಎರಡೂ ಬದಿಗೆ ಕೂತು ಗಂಟಲು ಹರಿದುಕೊಳ್ಳುತ್ತಿದ್ದರು. ಕಾನೂನು ಸಮಿತಿಗೆ ಯಾಕೋ ಒಳ್ಳೇ ಬುದ್ಧಿ ಬಂದು, ಹಾಸಿಗೆ ಹಿಡಿದವರ ಅಭಿಪ್ರಾಯ ಕೇಳಿ ಹಾಳೆಯೊಂದನ್ನು ಕಳಿಸಿತು. ಅದನ್ನು ತುಂಬಲು ಕೂತದ್ದು ಭಾನುವಾರ, ಅಕ್ಷರದಕ್ಕನಿಗೆ ರಜೆ. ನಕ್ಷೆಗಾರರ ಅಕ್ಕ, ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ತಾವೇ ಸ್ಟೂಲಿನಲ್ಲಿ ಕೂತು ತಮ್ಮನನ್ನು ಕೇಳಿದರು. ಕಾಲು ಗಂಟೆ ತಿಣುಕಾಡಿದ ಮೇಲೆ ಬಂದದ್ದು ಒಂದೇ ಪದ: "ಸಾಕು." ಎದೆ ಒಡೆದುಹೋದ ಅಕ್ಕ "ಮುಗೀತೇನೋ?" ಎಂದರು. ತಮ್ಮನ ಕಣ್ಣು ಮುಚ್ಚಿತು. ಅಕ್ಕ ಹಾಗೇ ಬರೆದು ಲಕೋಟೆ ಅಂಟಿಸಿದರು. ಆ ಕಣ್ಣು ಮತ್ತೆ ತೆರೆಯಲಿಲ್ಲ ಎಂಬುದನ್ನು ಅವರು ಗಮನಿಸಲೇ ಇಲ್ಲ. ತಮ್ಮನಿಗೆ ನಿದ್ದೆ ಬಂದಿತ್ತು.

ಸೋಮವಾರ ಬೆಳಿಗ್ಗೆ ಅಕ್ಷರದಕ್ಕನಿಗೆ ಸುದ್ದಿ ತಿಳಿಯಿತು. ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆಯೇ ತಾನೇ? "ಕಾಂಪೌಂಡ್ ಮೇಲೆ ಬರುತ್ತಲ್ಲ ಬೆಕ್ಕು, ಅದನ್ನ ಸಾಕು ಅಂದಿರಬಹುದಲ್ವಾ ಅಕ್ಕಾವ್ರೇ?"

"ನನ್ನ ತಮ್ಮ ಸಾಯ್ತೀನಿ ಅಂತಿದ್ದಾನೆ, ನಿಂಗೆ ಬೆಕ್ಕಿನ ಚಿಂತೆ!" ಅಕ್ಕ ಸಿಡುಕಿದರು. ಆಮೇಲೆ ದನಿ ಇಳಿಯಿತು. "ಅವನಿಗೇ ಸಾಕಾಗಿದ್ರೆ ತಡೆಯೋಕೆ ನಾನ್ಯಾರು, ಹೇಳು?"

"ತಡೆಯೋದು ಬೇಡ. ಇನ್ನೊಂದ್ಸಲ ಕೇಳೋಣ ಅಷ್ಟೇ."

ಕೇಳಲು ಭಯವಾಗಲಿಲ್ಲವೇ ಎಂದರೆ ಅಕ್ಷರದಕ್ಕ ಹೇಳುತ್ತಾರೆ: "ಆಯ್ತು. ಹೌದು ಅಂದುಬಿಟ್ರೆ ಅಂತ. ಹಿಂದೊಬ್ಬರು ಅಜ್ಜಿ ನಿಜವಾಗ್ಲೂ ಸಾಕು ಅಂದಿದ್ರು, ದಿನಾ ಅಂತಿದ್ರು. ಅದನ್ನೂ ಕೂತು ಕೇಳಿದೀನಿ. ಕಾನೂನು ಬರಲಿ ಅಂತಾನೋ ಬೇಡ ಅಂತಾನೋ ಹೇಳೋಷ್ಟು ತಿಳುವಳಿಕೆ ನನಗಿಲ್ಲ. ಆದ್ರೆ ನೋಡ್ಕೊಳ್ಳೋರು ಇಲ್ಲ ಅಂತ ಯಾರಾದ್ರೂ ಸಾಕು ಅಂದ್ರೆ, ಅದು ಅವರ ಮಾತಲ್ಲ. ನಾವು ಹೇಳಿಸಿದ್ದು."

ಆಕೆ ಸ್ಟೂಲಿನಲ್ಲಿ ಕೂತು ಭಾನುವಾರದ ಪದವನ್ನೇ ಎತ್ತಿಕೊಂಡರು. "ಸಾಕು. ಮುಗೀತಾ ಸಾರ್?" ಕಣ್ಣು ನಿಧಾನವಾಗಿ ಕಿಟಕಿಯತ್ತ ಹೊರಳಿತು. ಅಕ್ಕ ಗೋಡೆಗೆ ಒರಗಿ ನಿಂತುಬಿಟ್ಟರು. ಮಾತು ಪೂರ್ತಿಯಾಗಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮೂವರೂ ಯಾವುದೋ ಕನಸಿನೊಳಗಿದ್ದೇವೆ ಎಂದು ಆಕೆಗೆ ಅನ್ನಿಸಿತಂತೆ. ಬಿಸಿಲು ಹಾಸಿಗೆಯ ಅಂಚಿನಿಂದ ಎದೆಯವರೆಗೆ ಏರಿದ್ದೂ ತಿಳಿಯಲಿಲ್ಲ. ಕೊನೆಗೆ ಹಾಳೆಯ ಮೇಲಿದ್ದದ್ದು: "ಸಾಕು ಅನ್ನಿಸಿದ ದಿನ ನಾನೇ ಹೇಳುವೆ. ಅಲ್ಲಿವರೆಗೆ ಯಾರೂ ಹೇಳಬೇಡಿ."

ಅಕ್ಕ ಅಳುತ್ತಲೇ ನಕ್ಕರು. "ಚಿಕ್ಕಂದಿನಿಂದ್ಲೂ ಹೀಗೇ ಇವನು, ಮೊಂಡ." ಹಳೆಯ ಲಕೋಟೆ ಹರಿದು ಹೊಸ ಹಾಳೆ ತುಂಬಿದರು. ಕೆಳಗೆ ಸಾಕ್ಷಿಯ ಸಹಿಗೆ ಜಾಗವಿತ್ತು, ಅದರ ಪಕ್ಕದಲ್ಲಿ 'ಸಂಬಂಧ' ಎಂಬ ಖಾಲಿ ಗೆರೆ. ಅಕ್ಷರದಕ್ಕ ಪೆನ್ನು ಹಿಡಿದರು. ನರ್ಸ್ ಅಲ್ಲ, ಬಂಧು ಅಲ್ಲ. ಆಮೇಲೆ ದುಂಡಗೆ ಬರೆದರು: 'ಕೇಳುವವಳು'.

"ಅಂದ್ರೆ ಪ್ರಶ್ನೆ ಕೇಳೋಳಾ, ಮಾತು ಕೇಳೋಳಾ?" ಎಂದರು ಅಕ್ಕ.

"ನಂಗೆ ಎರಡೂ ಒಂದೇ ಕೆಲಸ ಅಕ್ಕಾವ್ರೇ."